ಐದನ್ನು ನಾಲ್ಕೆಂದು ಓದಿದವನು

"ಕ್ಲಚ್ ಬಿಡಿ ಅಂದ್ರೆ ಒಂದೇ ಸಲಕ್ಕೆ ಬಿಡೋದಲ್ಲ ಮುದ್ದಮ್ನೋರೆ. ಮಲಗಿರೋ ಮಗೂನ ತೊಟ್ಲಿಗೆ ಹಾಕ್ತೀರಲ್ಲ, ಹಂಗೆ. ಮೆತ್ತಗೆ."

ಮುದ್ದಮ್ಮನವರು ಮೆತ್ತಗೇ ಬಿಟ್ಟರು. ಕಾರು ಒಮ್ಮೆ ಬಿಕ್ಕಳಿಸಿ ಅಲ್ಲೇ ನಿಂತಿತು. ಪಕ್ಕದಲ್ಲಿ ಕೂತಿದ್ದ ರುದ್ರಾಣಿ ನಕ್ಕಳು. ಎರಡು ಸಲ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್ ಆದವಳು ನಂಜನಗೂಡಿನ ಬೈಪಾಸ್ ಪಕ್ಕದ ಮೈದಾನದಲ್ಲಿ ರಿಟೈರ್ಡ್ ಟೀಚರಿಗೆ ಕಾರು ಕಲಿಸುತ್ತಿದ್ದಾಳೆ ಅಂದರೆ ಹೊರಗಿನವರು ನಂಬುವುದಿಲ್ಲ. ಊರಿನವರಿಗೆ ಅದು ಹಳೇ ಸಂಗತಿ. ಏಳು ವರ್ಷದಿಂದ ಅವಳು ಮಾಡುತ್ತಿದ್ದುದು ಇದೇ ಕೆಲಸ.

ಗೇಟಿನ ಹತ್ತಿರ ಒಂದು ಬೈಕು ಬಂದು ನಿಂತಿತು. ಇಳಿದವನು ಕೈಲಿ ಹೆಲ್ಮೆಟ್ ಹಿಡಿದು ಅಲ್ಲೇ ನಿಂತ.

"ಡ್ರೈವಿಂಗ್ ಕಲೀಬೇಕಾ? ಆಫೀಸಲ್ಲಿ ಹುಡುಗಿ ಅವ್ಳೆ, ಕೇಳಿ," ಅಂದಳು ರುದ್ರಾಣಿ, ಅತ್ತ ನೋಡದೆ.

"ಕಲಿಯೋಕಲ್ಲ ಮೇಡಂ. ರ್‍ಯಾಲಿ ಕಾರಲ್ಲಿ ಎಡಗಡೆ ಸೀಟು ಖಾಲಿ ಇದೆ ಅಂತ ಗೊತ್ತಾಯ್ತು. ಕೇಳ್ಕೊಂಡು ಹೋಗೋಣ ಅಂತ ಬಂದೆ."

ಆ ದನಿಯನ್ನು ಗುರುತಿಸಲು ಅವಳು ಮುಖ ನೋಡಬೇಕಾಗಿರಲಿಲ್ಲ. ಆರು ವರ್ಷ ಹೆಲ್ಮೆಟ್ಟಿನೊಳಗೆ, ಕಿವಿಗೆ ಅಂಟಿಕೊಂಡಿದ್ದ ದನಿ ಅದು. ಅವಳಿಗೆ ಮೊದಲು ಸಂತೋಷ, ಅದರ ಬೆನ್ನಿಗೇ ಸಿಟ್ಟು. ಸಿಟ್ಟು ಬೇಗ ಮುಂದೆ ಬಂತು.

"ಟಿ. ನರಸೀಪುರದಲ್ಲೇ ಇದ್ರಂತಲ್ಲ, ಅಮೃತೇಶ್ ಅವ್ರೆ. ಸರ್ವೆಯರ್ ಕೆಲಸ ಅಂತೆ. ಮುಕ್ಕಾಲು ಗಂಟೆ ದಾರಿ ಬರೋಕೆ ಏಳು ವರ್ಷ ಬೇಕಾಯ್ತು. ರಸ್ತೆ ಅಷ್ಟು ಕೆಟ್ಟೋಗಿದೆಯಾ?"

ನೀನು ಅಂತಲೇ ಕರೆಯುತ್ತಿದ್ದವಳು 'ನೀವು' ಅಂದದ್ದು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಕಣ್ಣು ಕೆಳಗಾಯಿತು. ಮುದ್ದಮ್ಮನವರು ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದರು, ಬಹಳ ಆಸಕ್ತಿಯಿಂದ.

"ಇವತ್ತಿನ ಕ್ಲಾಸ್ ಮುಗೀತು ಮುದ್ದಮ್ನೋರೆ," ಅಂದಳು ರುದ್ರಾಣಿ.

"ನಂಗೇನೂ ಅವಸರ ಇಲ್ಲ ಕಣಮ್ಮ," ಅಂದರು ಅವರು, ಇಳಿಯದೆ.

*

ರ್‍ಯಾಲಿಯಲ್ಲಿ ಡ್ರೈವರು ಒಂಟಿಯಲ್ಲ. ಎಡಗಡೆ ನ್ಯಾವಿಗೇಟರ್ ಕೂರುತ್ತಾನೆ. ಮುಂಚಿನ ದಿನ ಇಬ್ಬರೂ ನಿಧಾನವಾಗಿ ರಸ್ತೆ ನೋಡಿಕೊಂಡು ಬರುತ್ತಾರೆ. ಅವಳು ಪ್ರತಿ ತಿರುವಿಗೂ ಒಂದೊಂದು ನಂಬರ್ ಹೇಳುತ್ತಾಳೆ, ಅವನು ಬರೆದುಕೊಳ್ಳುತ್ತಾನೆ. ಒಂದು ಅಂದರೆ ಕಾರು ಹೆಚ್ಚುಕಡಿಮೆ ನಿಂತೇ ತಿರುಗಬೇಕು. ಆರು ಅಂದರೆ ತಿರುವೇ ಇಲ್ಲವೆಂದುಕೊಂಡು ಹೋಗಬಹುದು. ಮಾರನೆಯ ದಿನ ಅವನು ಓದುತ್ತಾನೆ, ಅವಳು ಓಡಿಸುತ್ತಾಳೆ. ಇನ್ನೂರು ತಿರುವನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಕಬ್ಬಿನ ಗದ್ದೆಯ ಆಚೆ ಏನಿದೆಯೆಂದು ಕಣ್ಣಿಗೆ ಕಾಣುವುದೂ ಇಲ್ಲ. ಆ ವೇಗದಲ್ಲಿ ಡ್ರೈವರಿಗೆ ಇರುವುದು ಪಕ್ಕದವನ ಮಾತು ಮಾತ್ರ.

ಉಳಿದವರೆಲ್ಲ ಇಂಗ್ಲಿಷಿನಲ್ಲಿ ಓದಿಸಿಕೊಳ್ಳುತ್ತಿದ್ದರು. ಇವರದು ಕನ್ನಡ. 'ಎಡ ಮೂರು', 'ಬಲ ಐದು, ಬಿಡ್ಬೇಡ'. ಬಿಡ್ಬೇಡ ಅಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡ. ಬೇರೆ ತಂಡದವರು ನಗುತ್ತಿದ್ದರು. ಎರಡನೇ ಸಲ ಕಪ್ ಗೆದ್ದ ಮೇಲೆ ನಗುವುದು ನಿಂತಿತು.

ಆಮೇಲೆ ಕೊಯಮತ್ತೂರಿನ ಹತ್ತಿರದ ಆ ರ್‍ಯಾಲಿ. ಹಿಂದಿನ ದಿನ ಚೆನ್ನಾಗಿದ್ದ ರಸ್ತೆಯ ಅಂಚು ಮಳೆಗೆ ಕುಸಿದಿತ್ತು. ಕಾರು ಉರುಳಿ ಹೊಲಕ್ಕೆ ಬಿತ್ತು. ರುದ್ರಾಣಿಗೆ ಎಚ್ಚರ ಬಂದದ್ದು ಆಸ್ಪತ್ರೆಯಲ್ಲಿ. ಅವಳು ಕಣ್ಣು ಬಿಡುವವರೆಗೆ ಅಮೃತೇಶ ಮಂಚದ ಪಕ್ಕದಲ್ಲೇ ಇದ್ದನಂತೆ. ಕಣ್ಣು ಬಿಟ್ಟ ದಿನ ಎದ್ದು ಹೋದವನು ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ. ತನ್ನ ಡ್ರೈವಿಂಗ್ ಮೇಲೆ ಅವನಿಗೆ ನಂಬಿಕೆ ಹೋಯಿತು ಎಂದುಕೊಂಡಳು. ಅವನಿಗೇ ಇಲ್ಲದ ನಂಬಿಕೆ ತನಗೆಲ್ಲಿಂದ ಬರಬೇಕು? ರೇಸ್ ಓಡಿಸುತ್ತಿದ್ದ ಜಿಪ್ಸಿ ಮೆಕ್ಯಾನಿಕ್ ದೇವಯ್ಯನ ಗ್ಯಾರೇಜು ಸೇರಿತು.

ಈಗ ಮತ್ತೆ ಅದನ್ನು ಹೊರಗೆ ತೆಗೆಸಿದ್ದು ಮೈಸೂರಿನ ಗಂಗಾಧರಸ್ವಾಮಿ. ಅವರದು ದೊಡ್ಡ ತಂಡ, ಹೊಸ ಕಾರುಗಳು. "ನಮ್ಮ ಕಡೆಯ ರ್‍ಯಾಲಿ ಇದೆ, ಹೆಡತಲೆಯ ರಸ್ತೆ ಒಂದು ಸ್ಟೇಜು, ಮೂಗೂರಿನ ರಸ್ತೆ ಒಂದು ಸ್ಟೇಜು, ಎರಡರ ಟೈಮೂ ಕೂಡಿಸಿ ಲೆಕ್ಕ. ನಿಮ್ಮ ಹಳೇ ಜಿಪ್ಸಿಯಲ್ಲೇ ಓಡಿಸಿ. ಅದೇ ಅಳತೆಯ ಕಾರುಗಳ ಕ್ಲಾಸಿನಲ್ಲಿ ಫಸ್ಟ್ ಬಂದರೆ ಈ ವರ್ಷ ಪೂರ್ತಿ ನನ್ನ ಕಾರು ನಿಮ್ಮದು," ಎಂದಿದ್ದರು. ಮೂವತ್ತಾರು ವರ್ಷದವಳಿಗೆ ಇಂಥ ಮಾತು ಇನ್ನೊಂದು ಸಲ ಬರುವುದಿಲ್ಲವೆಂದು ರುದ್ರಾಣಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರಿನ ಇಬ್ಬರು ನ್ಯಾವಿಗೇಟರುಗಳನ್ನು ಕೂರಿಸಿ ನೋಡಿದಳು. ಅವರು ಓದಿದ್ದು ಕಿವಿಗೆ ಬೀಳುತ್ತಿತ್ತು, ಕಾಲಿಗೆ ಇಳಿಯುತ್ತಿರಲಿಲ್ಲ. ಕೊನೆಗೆ ದೇವಯ್ಯನೇ ಕದ್ದು ನರಸೀಪುರಕ್ಕೆ ಫೋನ್ ಮಾಡಿದ.

"ನನ್ನ ಬಯ್ಯಿ ಕಣವ್ವ, ಅವನ್ನ ಕಳುಸ್ಬ್ಯಾಡ," ಅಂದ ದೇವಯ್ಯ, ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ.

ಅವಳು ಬಯ್ದಳು. ಕಳಿಸಲಿಲ್ಲ.

*

ಹದಿನಾರು ಎಂಬ ಊರಿನ ಆಚೆಯ ಒಂದು ಪಾಳು ತೋಟದ ಮಣ್ಣುರಸ್ತೆಯಲ್ಲಿ ಪ್ರಾಕ್ಟೀಸ್ ಶುರುವಾಯಿತು. ಮೊದಲ ವಾರ 'ನೀವು' ಉಳಿದುಕೊಂಡಿತ್ತು. ಎರಡನೇ ವಾರ ಒಂದು ಹಳ್ಳಕ್ಕೆ ಚಕ್ರ ಬಿದ್ದಾಗ "ಮೊದ್ಲೇ ಹೇಳ್ಬಾರ್ದೇನೋ!" ಎಂದು ಬಾಯಿತಪ್ಪಿ ಬಂದುಬಿಟ್ಟಿತು. ಅವನು ಕಿಟಕಿಯ ಕಡೆ ತಿರುಗಿಕೊಂಡ. ಗಾಜಿನಲ್ಲಿ ಅವನ ನಗು ಕಾಣುತ್ತಿತ್ತು.

"ಏನು ನಗ್ತಾ ಇದೀಯ?"

"ಏನಿಲ್ಲ. ಬೈಸ್ಕೊಂಡು ಬಹಳ ದಿನ ಆಗಿತ್ತು."

ಅವನ ಕಿವಿಯ ಹತ್ತಿರ ಎರಡು ಮೂರು ಕೂದಲು ಬೆಳ್ಳಗಾಗಿದ್ದವು. ರುದ್ರಾಣಿ ನೋಡಬಾರದೆಂದುಕೊಂಡಳು, ನೋಡಿದಳು. ಸೀಟ್ ಬೆಲ್ಟ್ ಬಿಗಿಯುವಾಗ ಅವನು ಬೇಕೆಂದೇ ನಿಧಾನ ಮಾಡುತ್ತಿದ್ದಾನೆ ಅನ್ನಿಸಿತು. ಅವಳ ಬೆಲ್ಟು ಸರಿಯಾಗಿದೆಯೇ ಎಂದು ಎರಡೆರಡು ಸಲ ಎಳೆದು ನೋಡುತ್ತಿದ್ದ. "ನಿಂದು ನೋಡ್ಕೋ," ಅಂದರೆ, "ನಂದು ಹೆಂಗಿದ್ರೂ ನಡೀತದೆ," ಅನ್ನುತ್ತಿದ್ದ. ಏಕೆ ಬಿಟ್ಟುಹೋದೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂದು ಭಯ.

ಹೆಡತಲೆ ಸ್ಟೇಜಿನ ರಸ್ತೆ ನೋಡಲು ಹೋದ ದಿನ, ಒಂದು ಬಾಳೆ ತೋಟದ ತಿರುವಿನಲ್ಲಿ ಚಿಕ್ಕ ಜಟಾಪಟಿ ನಡೆಯಿತು.

"ಬಲ ಐದು, ಬಿಡ್ಬೇಡ. ಬರ್ಕೋ," ಅಂದಳು.

"ನಾಲ್ಕು ಸಾಕಲ್ವಾ?"

"ಐದು."

"ಪಕ್ಕದಲ್ಲೇ ನಾಲೆ ಇದೆ ರುದ್ರಾ."

"ನಾಲೆ ಇರೋದು ಗೊತ್ತು, ಅದ್ರಲ್ಲೇ ಈಜು ಕಲ್ತವಳು ನಾನು. ಐದು ಅಂತ ಬರಿ."

ಅವನು ಬರೆದ.

*

ಮಾರನೆಯ ಬೆಳಿಗ್ಗೆ ಜಿಪ್ಸಿ ಹೊರಟಾಗ ರುದ್ರಾಣಿಯ ಅಂಗೈ ಬೆವೆತಿತ್ತು. ಮೂರನೇ ತಿರುವಿನ ಹೊತ್ತಿಗೆ ಎಲ್ಲ ಮರೆತುಹೋಯಿತು. ಕಿವಿಯಲ್ಲಿ ಅವನ ದನಿ, ಕೈಯಲ್ಲಿ ಸ್ಟೇರಿಂಗ್. ಅವನು ಮೂರು ಅಂದರೆ ಮೂರು, ಎರಡು ಅಂದರೆ ಎರಡು. ಒಂದು ತಪ್ಪೂ ಇಲ್ಲದೆ ಓಡಿಸುತ್ತಿದ್ದಳು. ಧೂಳಿನ ಆಚೆ ಬಾಳೆಯ ಎಲೆಗಳು ಕಂಡವು.

"ಬಲ ನಾಲ್ಕು."

ಅವಳ ಕಾಲು ತಾನಾಗಿಯೇ ಸಡಿಲವಾಯಿತು. ಕಾರು ಸಲೀಸಾಗಿ ತಿರುಗಿತು, ತೀರಾ ಸಲೀಸಾಗಿ. ತಿರುವು ಹಿಂದೆ ಹೋದ ಮೇಲೆ ಅವಳಿಗೆ ಹೊಳೆಯಿತು. ಐದು ಅಂತ ತಾನು ಜಗಳವಾಡಿ ಬರೆಸಿದ ಜಾಗ ಅದು.

ಅಲ್ಲಿಂದ ಮುಂದೆ ಅವಳು ಓಡಿಸಿದ್ದು ಹಲ್ಲು ಕಚ್ಚಿಕೊಂಡು. ಅವನ ಒಂದೊಂದು ಮಾತಿಗೂ 'ಇದು ನಿಜವೋ ಸುಳ್ಳೋ' ಎಂದು ಮನಸ್ಸು ತಡವರಿಸುತ್ತಿತ್ತು. ಸ್ಟೇಜ್ ಮುಗಿದಾಗ ತಮ್ಮ ಕ್ಲಾಸಿನಲ್ಲಿ ಆರನೆಯವರು, ಮೊದಲನೆಯವನಿಗಿಂತ ಇಪ್ಪತ್ತು ಸೆಕೆಂಡು ಹಿಂದೆ.

ಟಿ. ನರಸೀಪುರದ ಒಂದು ಮೈದಾನದಲ್ಲಿ ಕಾರುಗಳ ರಿಪೇರಿಗೆ ಜಾಗ ಕೊಟ್ಟಿದ್ದರು. ದೇವಯ್ಯ ಜಾಕ್ ಹಿಡಿದು ಓಡಿಬಂದ. ಅವಳ ಮುಖ ನೋಡಿ ಏನೂ ಕೇಳದೆ ಚಕ್ರದ ಹತ್ತಿರ ಕೂತ. ರುದ್ರಾಣಿ ನೇರ ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ಅಮೃತೇಶ ಹಿಂದೆಯೇ ಬಂದ.

"ಬಾಳೆ ತೋಟದ ತಿರುವಿಗೆ ಏನು ಬರ್ದಿದ್ದೆ?"

"ಐದು."

"ಏನು ಓದ್ದೆ?"

"ನಾಲ್ಕು."

"ಇನ್ನೂ ಎಷ್ಟು ಕಡೆ ಹಂಗೆ ಓದಿದೀಯ?"

"ಐದು ಇದ್ದ ಕಡೆ ಎಲ್ಲಾ." ಅವನು ಮುಖ ಎತ್ತಿದ. "ಪ್ರಾಕ್ಟೀಸಲ್ಲೂ ಹಂಗೇ. ನಂಗೆ ಆ ಮಾತು ಬಾಯಿಗೆ ಬರಲ್ಲ ರುದ್ರಾ. ಅವತ್ತು ನಾನು ಕೊನೇಗೆ ಓದಿದ್ದು 'ಎಡ ಐದು, ಬಿಡ್ಬೇಡ' ಅಂತ. ನೀನು ಬಿಡ್ಲಿಲ್ಲ. ನನ್ನ ಮಾತು ನಂಬ್ಕೊಂಡು ಬಿಡ್ಲಿಲ್ಲ. ಆಮೇಲೆ ಬೆಲ್ಟಲ್ಲಿ ತಲೆಕೆಳಗಾಗಿ ನೇತಾಡ್ತಾ ನಿನ್ನ ಗಲ್ಲ ಹಿಡ್ಕೊಂಡಿದ್ದೆ. ಉಸಿರಾಡ್ತಾ ಇದೀಯೋ ಇಲ್ವೋ ಗೊತ್ತಾಗ್ತಿರಲಿಲ್ಲ."

"ರಸ್ತೆ ಕುಸಿದಿತ್ತು. ಅದು ನಿನ್ನ ತಪ್ಪಲ್ಲ."

"ತಲೆಗೆ ಗೊತ್ತು. ಬಾಯಿಗೆ ಗೊತ್ತಿಲ್ಲ."

ರುದ್ರಾಣಿ ಅವನ ಕಡೆ ತಿರುಗಿದಳು. "ಅದಕ್ಕೇ ಹೊರಟೋದ್ಯಾ? ನನ್ನ ಡ್ರೈವಿಂಗ್ ಸರಿ ಇಲ್ಲ ಅಂತ ಬಿಟ್ಟೆ ಅನ್ಕೊಂಡಿದ್ದೆ ಕಣೋ. ಏಳು ವರ್ಷ ಅದನ್ನೇ ನಂಬ್ಕೊಂಡು ಬದುಕಿದೀನಿ!"

ಅವನು ಬೆಚ್ಚಿದ. ಅಂಥದ್ದೊಂದು ಅವನ ಕನಸಿನಲ್ಲೂ ಬಂದಿರಲಿಲ್ಲ. ಅವಳ ಕೈ ಹಿಡಿಯಲು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಈಗ ಬೇಡ. ಮೊದ್ಲು ಇದನ್ನ ಕೇಳು. ನೀನು ಒಂದು ಕಮ್ಮಿ ಓದ್ತೀಯ ಅಂತ ಈಗ ನಂಗೆ ಗೊತ್ತು. ಮೂಗೂರಲ್ಲಿ ನೀನು ನಾಲ್ಕು ಅಂದ್ರೆ ನಾನು ಮನಸ್ಸಲ್ಲೇ ಒಂದು ಕೂಡಿಸ್ಕೊಂಡು ಐದು ಅಂತ ಓಡಿಸಬಹುದು. ಆದ್ರೆ ಒಂದು ಕಡೆ ಅದು ನಿಜವಾಗ್ಲೂ ನಾಲ್ಕೇ ಆಗಿದ್ರೆ? ಅವತ್ತು ಇಬ್ರೂ ಹೋಗ್ತೀವಿ. ನನ್ನ ಉಳಿಸೋಕೆ ಅಂತ ಹೇಳೋ ಸುಳ್ಳೇ ನನ್ನ ಕೊಲ್ಲೋದು."

ಅವನ ಮುಖ ಬಿಳಿಚಿಕೊಂಡಿತು. ಇಷ್ಟು ದಿನ ಅದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

"ಹಂಗಾಗಿ ನಾನು ಕೂಡಿಸಲ್ಲ. ನೀನು ಏನು ಹೇಳ್ತೀಯೋ ಅದನ್ನೇ ಓಡಿಸ್ತೀನಿ. ನಾಲ್ಕು ಅಂದ್ರೆ ನಾಲ್ಕು. ಸೋಲ್ತೀನಿ, ಹೋಗ್ಲಿ. ಗಂಗಾಧರಸ್ವಾಮಿಯವ್ರ ಕಾರು ಹೋಗ್ಲಿ. ನಿನ್ನ ಮಾತು ನಂಬಲ್ಲ ಅನ್ನೋದು ಮಾತ್ರ ನನ್ನ ಕೈಲಿ ಆಗಲ್ಲ."

ಅವಳು ಹೆಲ್ಮೆಟ್ ಹಾಕಿಕೊಂಡು ಕಾರಿನ ಕಡೆ ನಡೆದಳು. ಚಕ್ರದ ಹತ್ತಿರ ದೇವಯ್ಯ ಮೊದಲೇ ಬಿಗಿದಿದ್ದ ನಟ್ಟನ್ನು ಇನ್ನೊಂದು ಸಲ ಬಿಗಿಯುತ್ತಿದ್ದ.

*

ಮೂಗೂರು ಸ್ಟೇಜು ಶುರುವಾಗುವುದೇ ಕಬ್ಬಿನ ಗದ್ದೆಗಳ ನಡುವೆ. ಎರಡೂ ಕಡೆ ಆಳೆತ್ತರದ ಬೆಳೆ, ನಡುವೆ ಒಂದು ಗಾಡಿಯಷ್ಟೇ ಅಗಲದ ರಸ್ತೆ.

"ಎಡ ಮೂರು. ಬಲ ಎರಡು, ಒಳಗೆ ಕಲ್ಲು." ಅವನ ದನಿ ಗಟ್ಟಿಯಾಗಿತ್ತು.

ಆಮೇಲೆ ಒಂದು ಗಳಿಗೆ ಏನೂ ಬರಲಿಲ್ಲ. ಮುಂದೆ ರಸ್ತೆ ಕಬ್ಬಿನೊಳಗೆ ಮಾಯವಾಗಿತ್ತು. ರುದ್ರಾಣಿಗೆ ಅವನ ಉಸಿರು ಮಾತ್ರ ಕೇಳುತ್ತಿತ್ತು. ಬ್ರೇಕಿನ ಮೇಲೆ ಕಾಲು ಹೋಗಬೇಕು ಅನ್ನುವಷ್ಟರಲ್ಲಿ,

"ಎಡ ಐದು!" ಅದು ಓದಿದ್ದಲ್ಲ, ಕೂಗಿದ್ದು. "ಬಿಡ್ಬೇಡ!"

ಅವಳು ಬಿಟ್ಟಳು.

ಕಾಲು ತಾನಾಗಿ ಮೇಲೆದ್ದುಬಿಟ್ಟಿತು. ತಿರುವು ತೆರೆದುಕೊಂಡಿತು, ಅವನು ಹೇಳಿದ್ದು ಸರಿಯಾಗಿತ್ತು, ಇವಳು ಸುಮ್ಮನೆ ಒಂದೆರಡು ಸೆಕೆಂಡು ಚೆಲ್ಲಿದ್ದಳು. ರುದ್ರಾಣಿಗೆ ಮುಖಕ್ಕೆ ನೀರೆರಚಿದಂತಾಯಿತು. ಹದಿನಾರಿನ ತೋಟದಲ್ಲಿ ಅಷ್ಟು ದಿನ ಓಡಿಸಿದಾಗ ಒಂದು ಸಲವಾದರೂ ಐದು ಕೇಳಿಸಿತ್ತೇ? ಇಲ್ಲ. ಅದು ತನಗೆ ತಿಳಿಯಲಿಲ್ಲವೇ? ಎರಡು ಸಲ ಚಾಂಪಿಯನ್ ಆದವಳಿಗೆ ತಿಳಿಯಲಿಲ್ಲವೇ? ತಿಳಿದಿತ್ತು. ನಾಲ್ಕು ಹಿತವಾಗಿತ್ತು, ಅದಕ್ಕೇ ಬಾಯಿಬಿಟ್ಟಿರಲಿಲ್ಲ. ಭಯ ಇವನೊಬ್ಬನದೇ ಎಂಬಂತೆ ಹೊಂಗೆ ಮರದ ಕೆಳಗೆ ನಿಂತು ಅಷ್ಟೆಲ್ಲ ಮಾತಾಡಿ ಬಂದಿದ್ದಳು.

"ಬಿಟ್ಟೆ!" ಎಂದು ಕೂಗಿದಳು. "ತಪ್ಪು ನಂದು! ಓದು, ಓದ್ತಾ ಇರು!"

"ಬಲ ಮೂರು. ಸೇತುವೆ. ಎಡ ನಾಲ್ಕು. ಬಲ ಐದು, ಬಿಡ್ಬೇಡ."

ಅವನ ದನಿ ನಡುಗುತ್ತಿತ್ತು. ನಡುಗುತ್ತಲೇ ಬಂತು, ಸರಿಯಾದ ಹೊತ್ತಿಗೆ ಬಂತು. ಅವಳು ಕಾಲನ್ನು ಒತ್ತಿ ಹಿಡಿದಳು. ಹಿಪ್ಪುನೇರಳೆ ತೋಟ ಹಸಿರು ಗೆರೆಯಾಗಿ ಪಕ್ಕಕ್ಕೆ ಸರಿಯಿತು, ಹಿಂದಿನ ಚಕ್ರ ಜಾರಿತು, ಹಿಡಿಯಿತು. ಅವಳಿಗೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ತಿಳಿಯಲಿಲ್ಲ. ಇನ್ನೊಂದು ಐದು. ಮತ್ತೊಂದು. ಆಮೇಲೆ ಯೋಚನೆಗಳೆಲ್ಲ ನಿಂತುಹೋದವು, ಅವನು ಹೇಳುತ್ತಿದ್ದ, ಅವಳು ಹೋಗುತ್ತಿದ್ದಳು.

*

ಮೈದಾನಕ್ಕೆ ವಾಪಸು ಬಂದು ಕಾರು ನಿಲ್ಲಿಸಿದ ಮೇಲೆ ಅಮೃತೇಶ ಬಾಗಿಲು ತೆಗೆದು ಇಳಿದ, ಎರಡು ಹೆಜ್ಜೆ ನಡೆದು ನೆಲದ ಮೇಲೆ ಕೂತುಬಿಟ್ಟ. ರುದ್ರಾಣಿ ನೀರಿನ ಬಾಟಲಿ ತಂದು ಅವನ ಕೈಗೆ ಕೊಟ್ಟಳು. ಅವನಿಗೆ ಮುಚ್ಚಳ ತೆಗೆಯಲಾಗಲಿಲ್ಲ, ಅವಳೇ ತೆಗೆದುಕೊಟ್ಟಳು.

ದೇವಯ್ಯ ರಿಸಲ್ಟ್ ಬೋರ್ಡಿನ ಹತ್ತಿರದಿಂದ ಓಡಿಬಂದ. "ಮೂಗೂರು ಸ್ಟೇಜಲ್ಲಿ ನಾವೇ ಫಸ್ಟು ಕಣವ್ವ! ದೊಡ್ಡ ಕಾರ್ಗಳೂ ನಮ್ಮಿಂದೆ!" ಆಮೇಲೆ ದನಿ ಇಳಿಸಿದ. "ಎರಡೂ ಸೇರ್ಸಿದ್ರೆ ಕ್ಲಾಸಲ್ಲಿ ಸೆಕೆಂಡು. ಮೂರು ಸೆಕೆಂಡಲ್ಲಿ ಓಯ್ತು."

ಗಂಗಾಧರಸ್ವಾಮಿ ಅವನ ಹಿಂದೆಯೇ ಬಂದರು. ಬಿಳಿ ಶರ್ಟು, ಹಣೆಯಲ್ಲಿ ವಿಭೂತಿ, ಮಾತು ಅಳೆದು ತೂಗಿ.

"ಎರಡನೇ ಸ್ಟೇಜು ಅದ್ಭುತ ಕಣಮ್ಮ. ಆದ್ರೆ ಮೊದಲನೇದರಲ್ಲಿ ಹೆದರ್ಕೊಂಡು ಓಡಿಸಿದ್ರಿ. ಏಳು ವರ್ಷದ ತುಕ್ಕು. ಅದು ಹೋಗುತ್ತೆ ಅಂತ ನಾನು ಹೆಂಗೆ ನಂಬಲಿ?"

ಅಮೃತೇಶ ಎದ್ದು ನಿಂತ. "ಹೆದರಿದ್ದು ಅವ್ರಲ್ಲ ಸಾರ್, ನಾನು. ಅವ್ರು ಐದು ಅಂತ ಬರೆಸಿದ್ದನ್ನೆಲ್ಲ ನಾನು ನಾಲ್ಕು ಅಂತ ಓದಿದೀನಿ. ಬೇಕು ಅಂತಲೇ. ಅವ್ರು ಕಳ್ಕೊಂಡ ಒಂದೊಂದು ಸೆಕೆಂಡೂ ನಂದು."

ಸುತ್ತ ಬೇರೆ ತಂಡದವರೂ ನಿಂತು ಕೇಳುತ್ತಿದ್ದರು. ನೋಟ್ಸ್ ಸುಳ್ಳು ಓದಿದೆ ಎಂದು ಒಪ್ಪಿಕೊಂಡ ನ್ಯಾವಿಗೇಟರನ್ನು ಇನ್ನು ಯಾರೂ ಕಾರಿಗೆ ಹತ್ತಿಸುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಗಂಗಾಧರಸ್ವಾಮಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವಳ ಕಡೆ ತಿರುಗಿದರು. "ಹಂಗಾದ್ರೆ ವಿಷಯ ಸುಲಭ ಆಯ್ತು. ಫಸ್ಟ್ ಬರಲಿಲ್ಲ, ಪರವಾಗಿಲ್ಲ, ಕಾರು ಕೊಡ್ತೀನಿ. ಒಳ್ಳೆ ನ್ಯಾವಿಗೇಟರ್ ನನ್ನ ಹತ್ರ ಇದಾನೆ. ಇವ್ರು ಬೇಡ."

"ಒಪ್ಕೋ ರುದ್ರಾ," ಅಂದ ಅಮೃತೇಶ ಮೆಲ್ಲಗೆ. ಆ ಮಾತು ಹೇಳುವಾಗ ಅವನ ದನಿ ಒಂದಿಷ್ಟೂ ನಡುಗಲಿಲ್ಲ.

ರುದ್ರಾಣಿ ಮೈದಾನದ ಆ ತುದಿಯಲ್ಲಿ ನಿಂತಿದ್ದ ಹೊಸ ಕಾರಿನ ಕಡೆ ನೋಡಿದಳು. ಅದು ಬೇಕಾಗಿತ್ತು. ಬೇಡವೆಂದು ನಾಟಕವಾಡುವಷ್ಟು ದೊಡ್ಡ ಮನಸ್ಸು ಅವಳದಲ್ಲ. ಎದೆ ಹಿಂಡುವಷ್ಟು ಬೇಕಾಗಿತ್ತು.

"ನಾನೂ ಹೆದರಿದ್ದೆ ಸಾರ್. ಇವ್ನು ಕಮ್ಮಿ ಓದಿದ್ದು ನಂಗೂ ಹಿತವಾಗೇ ಇತ್ತು. ಮೂಗೂರಲ್ಲಿ ನಾವಿಬ್ರೂ ಹೆದರ್ಕೊಂಡೇ ಹೋಗಿದ್ದು, ಆದ್ರೆ ಸುಳ್ಳು ಹೇಳ್ಲಿಲ್ಲ. ಟೈಮು ನೀವೇ ನೋಡಿದ್ರಲ್ಲ." ಅವಳು ಉಸಿರು ತೆಗೆದುಕೊಂಡಳು. "ಕಾರು ನಿಮ್ದು, ಯಾರಿಗೆ ಬೇಕಾದ್ರೂ ಕೊಡಿ. ಕಿವಿ ನಂದು. ಅದನ್ನ ಬೇರೆಯವ್ರಿಗೆ ಕೊಡೋಕೆ ನಂಗಾಗಲ್ಲ."

"ಯೋಚನೆ ಮಾಡಿ ಹೇಳ್ತಾ ಇದೀರಾ?"

"ಯೋಚನೆ ಮಾಡಿದ್ರೆ ಹೇಳೋಕಾಗಲ್ಲ ಸಾರ್."

ಗಂಗಾಧರಸ್ವಾಮಿ ತಲೆಯಾಡಿಸಿದರು, ಹೋದರು. ಅವರು ಕರುಣೆ ತೋರಿ ತಿರುಗಿ ಬರಲಿಲ್ಲ. ದೇವಯ್ಯ ಮಾತ್ರ ಗಂಟಲು ಸರಿಮಾಡಿಕೊಂಡು, "ಮುಂದಿನ್ ರ್‍ಯಾಲಿಗೆ ಗೇರ್‌ಬಾಕ್ಸ್ ಬಿಚ್ಬೇಕು ಕಣವ್ವ, ಇವತ್ತಿಂದಾನೇ ಶುರು ಮಾಡ್ತೀನಿ," ಎಂದು ಜಿಪ್ಸಿಯ ಕೆಳಗೆ ತೂರಿಕೊಂಡ.

ಅಮೃತೇಶ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಂಚು ಕೆಂಪಾಗಿತ್ತು.

"ಎಂಥ ಕೆಲಸ ಮಾಡ್ದೆ ರುದ್ರಾ. ನನ್ನ ಭಯ ಹೋಗಲ್ಲ. ಮುಂದಿನ ಸಲಾನೂ ಹಿಂಗೇ ನಡುಗ್ತೀನಿ."

"ನಡುಗು. ಯಾರು ಬೇಡ ಅಂದ್ರು?"

"ನೀನಂದ್ರೆ ನಂಗೆ ಪ್ರಾಣ. ಅವತ್ತು ಆಸ್ಪತ್ರೇಲೇ ಹೇಳ್ಬೇಕಾಗಿತ್ತು. ಹೇಳಿದ್ರೆ ಮತ್ತೆ ಪಕ್ಕದಲ್ಲಿ ಕೂತ್ಕೊಳ್ಳೋಕೆ ಆಗಲ್ಲ ಅನ್ನಿಸ್ತು."

"ಈಗ ಹೇಳಾಯ್ತಲ್ಲ. ಕೂತ್ಕೋತೀಯಾ?"

"ಕೂತ್ಕೋತೀನಿ."

ಈ ಸಲ ಅವನು ಕೈ ಚಾಚಿದಾಗ ಅವಳು ಹಿಂದೆ ಸರಿಯಲಿಲ್ಲ. ಧೂಳು ಮೆತ್ತಿದ ಗ್ಲೋವ್ಸಿನ ಮೇಲೆಯೇ ಹಿಡಿದುಕೊಂಡ. ಅವನ ಬೆರಳು ಇನ್ನೂ ನಡುಗುತ್ತಿದ್ದವು, ಅವಳು ಅಂಗೈಯೊಳಗೆ ಬಿಗಿಯಾಗಿ ಮುಚ್ಚಿಕೊಂಡಳು.

ಅಷ್ಟರಲ್ಲಿ ರುದ್ರಾಣಿಯ ಫೋನು ರಿಂಗಾಯಿತು. ನಂಜನಗೂಡಿನಿಂದ ಅಮ್ಮ ಚನ್ನಬಸಮ್ಮ. ಗೆದ್ದೆಯಾ ಸೋತೆಯಾ ಎಂದು ಅವರು ಕೇಳಲಿಲ್ಲ. ಮಗಳ ದನಿ ಕೇಳಿದರು, ಅಷ್ಟು ಸಾಕಾಯಿತು.

"ಅನ್ನಕ್ಕಿಡ್ತಾ ಇವ್ನಿ ಕಣೆ. ಆ ಅಮೃತೇಶನೂ ಬತ್ತಾನಾ ಊಟಕ್ಕೆ?"

ರುದ್ರಾಣಿ ಅವನ ಮುಖ ನೋಡುತ್ತಲೇ ಉತ್ತರ ಕೊಟ್ಟಳು.

"ಬತ್ತಾನೆ ಕಣಮ್ಮ. ಇನ್ಮೇಲೆ ದಿನಾ ಬತ್ತಾನೆ."